ಆಯಿಲ್ ಫಿಲ್ಟರ್ ಬಿಚ್ಚಲು ಯಾವ ರೆಂಚ್ ಬೇಕು?

ಮನೆಯಲ್ಲೇ ಕಾರಿನ ಆಯಿಲ್ ಬದಲಿಸುವ ಯೋಚನೆ ಇದೆಯೇ? ಮೊದಲು ಸರಿಯಾದ ಫಿಲ್ಟರ್ ರೆಂಚ್ ಕೊಳ್ಳಿ. ಹಳೆಯ ಆಯಿಲ್ ಬಸಿದ ಮೇಲೆ ಫಿಲ್ಟರ್ ಕದಲದಿದ್ದರೆ, ಮರುದಿನ ಮಕ್ಕಳನ್ನು ಶಾಲೆಗೆ ಬಿಡಲು ಕಾರೇ ಇರುವುದಿಲ್ಲ.

ಫಿಲ್ಟರ್‌ನಲ್ಲಿ ಎರಡು ಬಗೆ. ಲೋಹದ ಡಬ್ಬಿಯನ್ನೇ ತಿರುಗಿಸಿ ತೆಗೆಯುವುದು ಒಂದು. ಇದಕ್ಕೆ ಬೆಲ್ಟಿನಂತೆ ಸುತ್ತುವ ರೆಂಚ್ ಸಾಕು. ಮುಚ್ಚಳ ಬಿಚ್ಚಿ ಒಳಗಿನ ಕಾಗದದ ಫಿಲ್ಟರ್ ಬದಲಿಸುವುದು ಇನ್ನೊಂದು. ಇದಕ್ಕೆ ಬಟ್ಟಲಿನಾಕಾರದ ರೆಂಚೇ ಒಳ್ಳೆಯದು. ಅಳತೆ ತುಸು ದೊಡ್ಡದಾದರೂ ಜಾರಿ ಮುಚ್ಚಳದ ಅಂಚು ಸವೆಯುತ್ತದೆ.

ಪ್ರಯೋಗಾಲಯದ ನಿಯಮವೇ ಇಲ್ಲೂ: ಅಂದಾಜು ಬೇಡ, ಅಳೆಯಿರಿ. ಬೇಕಾದದ್ದು ಎರಡೇ ಸಂಖ್ಯೆ, ಮುಚ್ಚಳದ ಅಗಲ ಮತ್ತು ಅಂಚಿನ ಕಚ್ಚುಗಳ ಎಣಿಕೆ. 2.5 ಲೀಟರ್ ಎಂಜಿನ್‌ನ 2015ರ ಟೊಯೋಟಾ ಕ್ಯಾಮ್ರಿಗೆ 64 ಮಿ.ಮೀ., 14 ಕಚ್ಚು; ಹಲವು ಬಿಎಂಡಬ್ಲ್ಯೂಗಳಿಗೆ 86 ಮಿ.ಮೀ., 16 ಕಚ್ಚು.

ಮತ್ತೆ ಹಾಕುವಾಗ ಹಳೆಯ ರಬ್ಬರ್ ರಿಂಗ್ ತೆಗೆದು, ಹೊಸದಕ್ಕೆ ಆಯಿಲ್ ಸವರಿ. ಈ ಕ್ಯಾಮ್ರಿಯ ಮುಚ್ಚಳಕ್ಕೆ 25 ನ್ಯೂಟನ್ ಮೀಟರ್ ಬಿಗಿ ಸಾಕು. ನಿಮ್ಮ ಕಾರಿನದನ್ನು ಮ್ಯಾನ್ಯುಯಲ್‌ನಲ್ಲಿ ನೋಡಿ, ಟಾರ್ಕ್ ರೆಂಚ್ ಬಳಸಿ. ಸಡಿಲವಾದರೆ ಆಯಿಲ್ ಸೋರಿ ಎಂಜಿನ್ ಹಾಳಾಗಬಹುದು. ಅತಿಯಾದರೆ ಮುಚ್ಚಳ ಬಿರಿಯಬಹುದು.

ಜ್ಯಾಕ್ ಒಂದನ್ನೇ ನಂಬಿ ಕಾರಿನಡಿ ಹೋಗಬೇಡಿ. ಜ್ಯಾಕ್ ಸ್ಟ್ಯಾಂಡ್ ಇಡಿ. ಕಚ್ಚು ಎಣಿಸುವ ಕೆಲಸ ಮಾತ್ರ ಮಕ್ಕಳಿಗೆ ಕೊಡಿ, ಹೊಸ ಫಿಲ್ಟರ್ ರೆಂಚ್ ಕೈಗಿತ್ತು, ಕನ್ನಡದಲ್ಲೇ.