ಚಕ್ರದೊಳಗಿನ ಪುಟ್ಟ ಸೆನ್ಸರ್: ಟೈರ್ ವರ್ತಕರಿಗೆ ಹೊಸ ಹೊಣೆ

ಹುಬ್ಬಳ್ಳಿ-ಧಾರವಾಡದ ಟೈರ್ ವ್ಯಾಪಾರಿಗಳಿಗೆ ಹೊಸ ಬಗೆಯ ತಕರಾರೊಂದು ಎದುರಾಗುವ ಕಾಲ ಬಂದಿದೆ. ಗ್ರಾಹಕನು ಪಿ.ಬಿ. ರಸ್ತೆಯ ಅಂಗಡಿಯಲ್ಲಿ ನಾಲ್ಕು ಹೊಸ ಟೈರ್ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ, ಹಣ ಎಣಿಸಿಕೊಟ್ಟು ಹೊರಡುತ್ತಾನೆ. ಕಾರು ನವಲೂರು ತಲುಪುವಷ್ಟರಲ್ಲಿ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಮಿನುಗತೊಡಗುತ್ತದೆ. ತಿರುಗಿ ಬಂದ ಗ್ರಾಹಕನು "ಇಲ್ಲಿಗೆ ಬರುವ ತನಕ ಸರಿಯಾಗಿತ್ತು" ಎನ್ನುತ್ತಾನೆ. ಅಂಗಡಿಯವರು "ನಾವು ಮುಟ್ಟಿದ್ದು ಟೈರ್ ಮಾತ್ರ" ಎನ್ನುತ್ತಾರೆ. ಟೈರ್ ಹಾಕಿದ ಕೂಲಿ ನೂರುಗಳ ಲೆಕ್ಕದ್ದು, ಚಕ್ರದೊಳಗೆ ಕೆಟ್ಟ ವಸ್ತುವಿನ ಬೆಲೆ ಸಾವಿರಗಳ ಲೆಕ್ಕದ್ದು. ಇದನ್ನು ತುಂಬಿಕೊಡುವವರು ಯಾರು?

ಆ ವಸ್ತುವೇ ಟೈರ್ ಒತ್ತಡ ಸೂಚಕ ವ್ಯವಸ್ಥೆಯ, ಅಂದರೆ ಟಿಪಿಎಂಎಸ್‌ನ ಸೆನ್ಸರ್. ಇದರ ಹಿಂದೆ ಒಂದು ದುರಂತದ ಕಥೆಯಿದೆ. ಅಮೆರಿಕದಲ್ಲಿ ಓಡುತ್ತಿದ್ದಾಗಲೇ ಟೈರ್ ಕಿತ್ತುಬಂದು ವಾಹನಗಳು ಉರುಳಿ ಅನೇಕರು ಸತ್ತ ಪ್ರಕರಣಗಳ ಬಳಿಕ, 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿಯು ಸುಮಾರು 65 ಲಕ್ಷ ಟೈರ್‌ಗಳನ್ನು ಹಿಂಪಡೆಯಬೇಕಾಯಿತು. ಅದೇ ವರ್ಷ ಅಲ್ಲಿನ ಸಂಸತ್ತು ಮಾಡಿದ ಕಾಯಿದೆಯ ಫಲವಾಗಿ ಒತ್ತಡ ಸೂಚಕವು ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಇದು ಬಂತು. ಭಾರತದಲ್ಲಿ ದಾರಿ ಬೇರೆಯಾಯಿತು. 2020ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯು ಸೂಚಕವನ್ನು ಎಲ್ಲ ಕಾರುಗಳಿಗೂ ಕಡ್ಡಾಯ ಮಾಡಲಿಲ್ಲ. ಟ್ಯೂಬ್‌ಲೆಸ್ ಟೈರ್, ಪಂಕ್ಚರ್ ದುರಸ್ತಿ ಕಿಟ್ ಹಾಗೂ ಒತ್ತಡ ಸೂಚಕ ಇರುವ ಕಾರಿಗೆ ಸ್ಟೆಪ್ನಿ ಬೇಕಿಲ್ಲ ಎಂದಿತು. ಕಂಪನಿಗಳಿಗೆ ಅದೂ ಒಂದು ಆಕರ್ಷಣೆಯೇ. ಅದಕ್ಕೂ ಮೊದಲೇ, 2019ರಲ್ಲಿ ಮಾರುಕಟ್ಟೆಗೆ ಬಂದ ಕಿಯಾ ಸೆಲ್ಟೋಸ್, ಎಂಜಿ ಹೆಕ್ಟರ್‌ನಂಥ ಕಾರುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಈ ಸೌಲಭ್ಯ ಇದ್ದಿತು.

ವರ್ತಕರು ಗಮನಿಸಬೇಕಾದ ಲೆಕ್ಕವೂ ಇಲ್ಲಿಯೇ ಇದೆ. ಸೆನ್ಸರ್‌ನೊಳಗಿನ ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 5ರಿಂದ 10 ವರ್ಷ ಬಾಳುತ್ತದೆ. 2019-20ರಲ್ಲಿ ಮಾರಾಟವಾದ ಕಾರುಗಳ ಸೆನ್ಸರ್‌ಗಳು ಈಗ ಒಂದೊಂದಾಗಿ ನಿಲ್ಲುವ ವಯಸ್ಸಿಗೆ ಬಂದಿವೆ. ಬ್ಯಾಟರಿಯನ್ನಷ್ಟೇ ಬದಲಿಸುವಂತಿಲ್ಲ, ಇಡೀ ಯಂತ್ರಾಂಶವನ್ನು ರಾಳದಲ್ಲಿ ಮುಳುಗಿಸಿ ಮುಚ್ಚಿರುತ್ತಾರೆ. ರಾಳ ಕೊರೆದು ಹೊಸ ಸೆಲ್ ಬೆಸೆಯಬಲ್ಲ ಕೈಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ 30 ಗ್ರಾಂ ತೂಕದ ವಸ್ತುವಿನ ಮೇಲೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸುಮಾರು 5 ಕಿಲೋ ಭಾರದಷ್ಟು ಎಳೆತ ಬೀಳುತ್ತದೆ. ಅಂಥ ಬೆಸುಗೆಯನ್ನು ಹೆದ್ದಾರಿಯಲ್ಲಿ ನಂಬಲಾಗದು.

ಕೆಲಸ ಹಿಡಿಯುವ ಮುನ್ನ ಕಾರಿನಲ್ಲಿರುವುದು ಯಾವ ಬಗೆಯ ವ್ಯವಸ್ಥೆ ಎಂಬುದನ್ನು ತಿಳಿಯಬೇಕು. ಕೆಲವು ಕಾರುಗಳಲ್ಲಿ ಚಕ್ರದೊಳಗೆ ಸೆನ್ಸರ್ ಇರುವುದೇ ಇಲ್ಲ. ಗಾಳಿ ಇಳಿದ ಚಕ್ರದ ಸುತ್ತಳತೆ ತುಸು ತಗ್ಗಿ ಅದು ಉಳಿದವುಗಳಿಗಿಂತ ವೇಗವಾಗಿ ತಿರುಗುವುದನ್ನು ಎಬಿಎಸ್ ವ್ಯವಸ್ಥೆಯೇ ಗುರುತಿಸಿ ದೀಪ ಹೊತ್ತಿಸುತ್ತದೆ. ಟಾಟಾ ನೆಕ್ಸಾನ್‌ನಲ್ಲಿರುವ ಐ-ಟಿಪಿಎಂಎಸ್ ಈ ಬಗೆಯದು. ಇಲ್ಲಿ ಗಾಳಿ ಸರಿಪಡಿಸಿ ವ್ಯವಸ್ಥೆಯನ್ನು ರೀಸೆಟ್ ಮಾಡಿದರೆ ಕೆಲಸ ಮುಗಿಯಿತು. ಇಲ್ಲದ ಸೆನ್ಸರ್‌ಗೆ ಬಿಲ್ ಬರೆಯುವ ಅಂಗಡಿಯ ಹೆಸರು ಊರಲ್ಲಿ ಎಷ್ಟು ದಿನ ಉಳಿದೀತು?

ದೀಪವೂ ತನ್ನದೇ ಭಾಷೆಯಲ್ಲಿ ವಿಷಯ ತಿಳಿಸುತ್ತದೆ. ಹೊತ್ತಿ ಹಾಗೆಯೇ ನಿಂತರೆ ಗಾಳಿ ಕಡಿಮೆಯಾಗಿದೆ ಎಂದರ್ಥ. ಕಾರು ಚಾಲೂ ಮಾಡಿದಾಗ ಒಂದು ನಿಮಿಷ ಇಲ್ಲವೆ ತುಸು ಹೆಚ್ಚು ಹೊತ್ತು ಮಿನುಗಿ ಅನಂತರ ನಿಂತರೆ ವ್ಯವಸ್ಥೆಯಲ್ಲಿಯೇ ದೋಷವಿದೆ. ಸೆನ್ಸರ್ ಇಲ್ಲದ ಸ್ಟೆಪ್ನಿ ಹಾಕಿದಾಗಲೂ ಹೀಗೆಯೇ ಆಗುತ್ತದೆ. ಅದು ಅಂಗಡಿಯವರ ತಪ್ಪಲ್ಲ. ಧಾರವಾಡದ ಡಿಸೆಂಬರ್ ಬೆಳಗಿನಲ್ಲಿ ಹೊತ್ತಿ ಮಧ್ಯಾಹ್ನ ತಾನಾಗಿ ಆರುವ ದೀಪಕ್ಕಂತೂ ಸೆನ್ಸರ್ ಬದಲಿಸಬೇಕಿಲ್ಲ. ಉಷ್ಣಾಂಶ 10 ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಹುಬ್ಬಳ್ಳಿಯಿಂದ ಅರಬೈಲ್ ಘಟ್ಟವಿಳಿದು ಅಂಕೋಲೆ ತಲುಪಿದರೂ, ಹೊರಗಿನ ವಾಯುಭಾರ ಹೆಚ್ಚುವುದರಿಂದ ಗೇಜ್ ಸುಮಾರು ಒಂದು ಪಿಎಸ್‌ಐ ಕಡಿಮೆ ತೋರಿಸುತ್ತದೆ. ಗಾಳಿ ಕೊಂಚ ಕಡಿಮೆಯಿದ್ದ ಟೈರಿಗೆ ಇಷ್ಟೇ ಸಾಕಾಗಬಹುದು.

ಸೆನ್ಸರ್ ವಯಸ್ಸಾಗಿ ಸಾಯುವುದು ಒಂದು ಬಗೆ, ಅಂಗಡಿಯಲ್ಲಿ ಮುರಿಯುವುದು ಇನ್ನೊಂದು. ಅದು ವಾಲ್ವ್‌ನ ಬುಡಕ್ಕೆ ಜೋಡಿಸಲ್ಪಟ್ಟು ರಿಮ್‌ನ ಒಳಗೋಡೆಗೆ ಅಂಟಿದಂತೆ ಕುಳಿತಿರುತ್ತದೆ. ಟೈರಿನ ಬೀಡ್ ಸಡಿಲಿಸುವ ಯಂತ್ರದ ಒತ್ತುಫಲಕವು ವಾಲ್ವ್ ಇರುವ ಕಡೆಯೇ ಬಿದ್ದರೆ ಸೆನ್ಸರ್ ಪುಡಿಯಾಗುತ್ತದೆ. ಆದ್ದರಿಂದ ಮೊದಲು ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟು, ವಾಲ್ವ್‌ನ ಎದುರು ಬದಿಯಿಂದ ಬೀಡ್ ಸಡಿಲಿಸಬೇಕು. ಹೊಸ ಟೈರ್ ಕೂರಿಸುವಾಗಲೂ ಬಿಗಿಯಾಗಿ ಎಳೆಯಲ್ಪಡುವ ಕೊನೆಯ ಭಾಗ ಸೆನ್ಸರ್ ಮೇಲೆ ಬರದಂತೆ ಚಕ್ರವನ್ನು ತಿರುಗಿಸಿ ಇಡಬೇಕು. ಲೋಹದ ವಾಲ್ವ್ ಕಂಡರೆ ಒಳಗೆ ಸೆನ್ಸರ್ ಇರಬಹುದೆಂದು ಊಹಿಸಬಹುದು. ರಬ್ಬರ್ ವಾಲ್ವ್ ಕಂಡರೆ ಇಲ್ಲವೆಂದು ಊಹಿಸುವಂತಿಲ್ಲ.

ಲೋಹದ ವಾಲ್ವ್‌ನ ವಿಷಯದಲ್ಲಿ ಸಣ್ಣ ಉಳಿತಾಯ ದೊಡ್ಡ ನಷ್ಟ ತರುತ್ತದೆ. ಆ ವಾಲ್ವ್ ಅಲ್ಯುಮಿನಿಯಂನದು, ಅದರೊಳಗಿನ ಪಿನ್ ನಿಕಲ್ ಲೇಪವಿರುವುದು. ಪಂಕ್ಚರ್ ಅಂಗಡಿಯ ಡಬ್ಬಿಯಲ್ಲಿ ಸಿಗುವ ಮಾಮೂಲಿ ಹಿತ್ತಾಳೆ ಪಿನ್ ಅಳತೆಗೆ ಸರಿಹೊಂದುತ್ತದೆ, ಗಾಳಿಯನ್ನೂ ಹಿಡಿಯುತ್ತದೆ. ಆದರೆ ಮಳೆಗಾಲದ ತೇವ ಸೇರಿದಾಗ ಹಿತ್ತಾಳೆ-ಅಲ್ಯುಮಿನಿಯಂಗಳ ನಡುವೆ ವಿದ್ಯುತ್ ರಾಸಾಯನಿಕ ಸವೆತ ಶುರುವಾಗಿ ಎರಡೂ ಕಚ್ಚಿಕೊಂಡುಬಿಡುತ್ತವೆ. ಮುಂದಿನ ಸಲ ಪಿನ್ ತೆಗೆಯಹೋದರೆ ವಾಲ್ವೇ ಮುರಿದು ಕೈಗೆ ಬರುತ್ತದೆ. ಲೇಪವಿಲ್ಲದ ಹಿತ್ತಾಳೆ ಟೋಪಿಗೂ ಇದೇ ಮಾತು ಅನ್ವಯ. ಕೆಲವೇ ರೂಪಾಯಿಯ ಪಿನ್ ಸಾವಿರಾರು ರೂಪಾಯಿಯ ಸೆನ್ಸರನ್ನು ತಿಂದುಹಾಕುವ ಬಗೆ ಇದು. ಪ್ರತಿ ಸಲ ಟೈರ್ ಬದಲಿಸುವಾಗ ರಬ್ಬರ್ ಸೀಲ್, ವಾಷರ್, ನಟ್, ಪಿನ್, ಟೋಪಿಗಳನ್ನೊಳಗೊಂಡ ಕಿಟ್ ಹೊಸದಾಗಿ ಹಾಕುವುದು ಸರಿಯಾದ ಪದ್ಧತಿ. ಚಕ್ರದ ನಟ್‌ಗಳಿಗೆ 100 ನ್ಯೂಟನ್-ಮೀಟರ್ ಆಸುಪಾಸಿನ ಬಿಗಿ ಬೇಕು; ಈ ವಾಲ್ವ್‌ನ ನಟ್‌ಗೆ ಸಾಮಾನ್ಯವಾಗಿ 4ರಿಂದ 8 ಸಾಕು. ಪಾನಾ ಹಿಡಿದು ಕೈಯಂದಾಜಿನಲ್ಲಿ ಬಿಗಿಯುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಹೊಸ ಸೆನ್ಸರ್ ಕೂರಿಸಿದೊಡನೆ ಕೆಲಸ ಮುಗಿಯದು. ಪ್ರತಿ ಸೆನ್ಸರ್‌ಗೂ ತನ್ನದೇ ಗುರುತಿನ ಸಂಖ್ಯೆ ಇದ್ದು, ಕಾರಿನ ಗಣಕ ಅದನ್ನು ಒಪ್ಪಿಕೊಳ್ಳಬೇಕು. ಕೆಲವು ಕಾರುಗಳು ಸ್ವಲ್ಪ ಹೊತ್ತು ಓಡಿಸಿದರೆ ತಾವೇ ಕಲಿಯುತ್ತವೆ. ಕೆಲವಕ್ಕೆ 125 ಕಿಲೋಹರ್ಟ್ಸ್ ಸಂಕೇತದಿಂದ ಸೆನ್ಸರನ್ನು ಎಬ್ಬಿಸುವ ಕೈಯಂತ್ರ ಬೇಕು. ಇನ್ನು ಕೆಲವಕ್ಕೆ ಒಬಿಡಿ ಜೋಡಣೆಯ ಮೂಲಕ ಸಂಖ್ಯೆಯನ್ನು ಬರೆಯಬೇಕು. ಹಳೆಯ ಸೆನ್ಸರಿನ ಸಂಖ್ಯೆಯನ್ನೇ ಹೊಸದಕ್ಕೆ ನಕಲಿಸಬಲ್ಲ ಸಾರ್ವತ್ರಿಕ ಸೆನ್ಸರ್‌ಗಳೂ ಇವೆ. ಹಲವು ಮಾದರಿಗಳ ಕಾರುಗಳನ್ನು ನೋಡುವ ಅಂಗಡಿಗೆ ಇವು ಅನುಕೂಲ. ತರಂಗಾಂತರ ಮಾತ್ರ ಹೊಂದಲೇಬೇಕು. ಅಮೆರಿಕದ ಮಾರುಕಟ್ಟೆಯ 315 ಮೆಗಾಹರ್ಟ್ಸ್‌ನ ಅಗ್ಗದ ಸರಕನ್ನು 433 ಮೆಗಾಹರ್ಟ್ಸ್‌ನ ಕಾರಿಗೆ ಹಾಕಿದರೆ ಅದು ಕಾರಿನ ಪಾಲಿಗೆ ಮೂಕ.

ಇವೆಲ್ಲಕ್ಕಿಂತ ಮೊದಲು ಮಾಡಬೇಕಾದ, ಖರ್ಚಿಲ್ಲದ ಕೆಲಸವೊಂದಿದೆ. ಕಾರು ಅಂಗಡಿಯೊಳಗೆ ಬಂದಾಗಲೇ ಗ್ರಾಹಕನ ಎದುರು ಇಗ್ನಿಷನ್ ಹಾಕಿ, ದೀಪದ ಸ್ಥಿತಿಯನ್ನು ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಪಡೆಯುವುದು. ಮೊದಲೇ ಮಿನುಗುತ್ತಿದ್ದರೆ ಅದು ಗ್ರಾಹಕನ ಲೆಕ್ಕ. ಕೆಲಸದ ಬಳಿಕ ಮಿನುಗಿದರೆ ಅಂಗಡಿಯ ಲೆಕ್ಕ. ಒಂದು ಸೆನ್ಸರ್ ವಯಸ್ಸಾಗಿ ಸತ್ತಿದ್ದರೆ ಉಳಿದ ಮೂರೂ ಅದೇ ವಯಸ್ಸಿನವು, ಈಗಲೇ ನಾಲ್ಕನ್ನೂ ಬದಲಿಸಿದರೆ ಟೈರ್ ಬಿಚ್ಚುವ ಕೂಲಿ ಉಳಿಯುತ್ತದೆ ಎಂಬ ಸಲಹೆಯನ್ನೂ ಆಗಲೇ ಕೊಡಬಹುದು. ತೀರ್ಮಾನ ಮಾತ್ರ ಗ್ರಾಹಕನದು.

ಸಣ್ಣ ಕೈಗಾರಿಕೆಗಳ ಪಾಲು ಇಲ್ಲಿ ಏನು? ಬಿ.ಡಿ.ಕೆ., ಮೈಕ್ರೋಫಿನಿಶ್‌ಗಳಂಥ ಉದ್ಯಮಗಳಿಂದಾಗಿ ಕೈಗಾರಿಕಾ ವಾಲ್ವ್‌ಗಳಿಗೆ ಹೆಸರಾದ ಊರು ಹುಬ್ಬಳ್ಳಿ. ಲೇತ್ ಕೆಲಸ, ಲೇಪನ, ರಬ್ಬರ್ ಸೀಲುಗಳ ತಿಳಿವಳಿಕೆ ಗೋಕುಲ ರಸ್ತೆ, ತಾರಿಹಾಳದ ಶೆಡ್‌ಗಳಿಗೆ ಹೊಸದಲ್ಲ. ಸೆನ್ಸರ್ ತಯಾರಿಕೆ ಇಲೆಕ್ಟ್ರಾನಿಕ್ಸ್‌ನವರ ಕ್ಷೇತ್ರ. ಅದು ರೇಡಿಯೋ ಪ್ರೇಷಕವಾದ್ದರಿಂದ ಆಮದು ಮಾಡುವವರಿಗೂ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮೋದನೆ ಬೇಕಾಗುತ್ತದೆ. ವಾಲ್ವ್‌ನ ನಟ್, ವಾಷರ್, ಸೀಲ್, ಟೋಪಿಗಳ ಕಿಟ್‌ಗೆ ರೇಡಿಯೋ ಸಂಬಂಧದ ಆ ಅನುಮೋದನೆಯ ಗೊಡವೆಯಿಲ್ಲ. ಅಲ್ಲಿ ಬೇಕಾದುದು ನಿಖರ ಅಳತೆ ಮತ್ತು ಪ್ರಾಮಾಣಿಕ ಲೇಪನ. ಪ್ರತಿ ಟೈರ್ ಬದಲಾವಣೆಗೂ ಒಂದು ಕಿಟ್ ಖರ್ಚಾಗುವ ಸರಕು ಅದು. ಟೈರ್ ವರ್ತಕರು ತಮ್ಮಲ್ಲಿಗೆ ಬರುವ ಕಾರುಗಳಲ್ಲಿ ಯಾವ ಅಳತೆಯ ವಾಲ್ವ್‌ಗಳಿವೆ ಎಂಬುದನ್ನು ಆರು ತಿಂಗಳು ಬರೆದಿಟ್ಟು ಕೊಟ್ಟರೆ, ತಯಾರಕರಿಗೆ ಮೊದಲ ನಮೂನೆ ಕೆತ್ತಲು ಅಷ್ಟು ಸಾಕು.