ಗಾಡಿ ಇಳಿಸುವ ಉಸ್ತಾದರು

ಮಕ್ತಲ್‌ನಿಂದ ರಾಯಚೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಕೆಲಸದ ತಗಡಿನ ಶೆಡ್ಡುಗಳಿವೆ. ಅಲ್ಲಿಗೆ ಬರುವ ಗಾಡಿಗಳು ಸಾಮಾನ್ಯವಾಗಿ ಎತ್ತರ ಏರಿಸಿಕೊಳ್ಳಲು ಬರುವಂಥವು. ಭತ್ತ ಹೇರಿ ಹೇರಿ ಹಿಂಭಾಗ ಕುಸಿದ ಲಾರಿ, ಹತ್ತಿ ತುಂಬಿ ಒಂದು ಮಗ್ಗುಲಿಗೆ ವಾಲಿದ ಪಿಕಪ್, ಮೇನ್ ಪ್ಲೇಟ್ ಮುರಿದ ಟ್ರ್ಯಾಕ್ಟರ್ ಟ್ರಾಲಿ. ಈಚೆಗೆ ತದ್ವಿರುದ್ಧ ಬೇಡಿಕೆಯೊಂದು ಶುರುವಾಗಿದೆ. ನಾರಾಯಣಪೇಟೆ, ಗದ್ವಾಲದ ಕಡೆಯ ಹುಡುಗರು ಹಳೆಯ ಆಲ್ಟೊ, ಝೆನ್, ಓಮ್ನಿ ತಂದು ನಿಲ್ಲಿಸುತ್ತಾರೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರದಷ್ಟು ಇಳಿದ ಕಾರಿನ ಚಿತ್ರವನ್ನು ಫೋನಿನಲ್ಲಿ ತೋರಿಸಿ, ಹಿಂಗ ಆಗಬೇಕು ಅನ್ನುತ್ತಾರೆ. ಕಂಪನಿಯ ಗಿಡ್ಡ ಸ್ಪ್ರಿಂಗುಗಳನ್ನು ತರಿಸುವಷ್ಟು ದುಡ್ಡು ಕೈಯಲ್ಲಿರುವುದಿಲ್ಲ.

ಇಂಥ ಒಂದು ಶೆಡ್ಡಿನ ಉಸ್ತಾದರನ್ನು ನೋಡಲೆಂದೇ ನಾನು ಹೋಗಿದ್ದು. ಅರವತ್ತು ದಾಟಿದ ಮನುಷ್ಯ. ಲಾರಿ ಡ್ರೈವರುಗಳೊಡನೆ ತೆಲುಗು, ಮನೆಯವರೊಡನೆ ದಖನಿ, ಕೃಷ್ಣಾ, ಗುಡೆಬಲ್ಲೂರು ಕಡೆಯ ರೈತರೊಡನೆ ನಮ್ಮ ರಾಯಚೂರು ಸೀಮೆಯದೇ ಕನ್ನಡ. ಪಟ್ಟಿಯನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಪರೀಕ್ಷಿಸುತ್ತಾರೆ ಎಂದು ಅವರ ಬಗ್ಗೆ ಕೇಳಿದ್ದೆ. ಹೋದಾಗ ಅದನ್ನೇ ಮಾಡುತ್ತಿದ್ದರು. ಓಮ್ನಿಯ ಹಿಂದಿನ ಪಟ್ಟಿಗಳನ್ನು ಬಿಚ್ಚಿ, ಒಂದೊಂದನ್ನೂ ತಂತಿಯಲ್ಲಿ ತೂಗುಹಾಕಿ, ಸುತ್ತಿಗೆಯಿಂದ ಮೆಲ್ಲಗೆ ಒಂದೇ ಏಟು ಕೊಟ್ಟು ತಲೆ ಬಾಗಿಸಿ ಕೇಳುತ್ತಿದ್ದರು. ಗಟ್ಟಿಯಿರುವ ಪಟ್ಟಿ ಗುಡಿಯ ಗಂಟೆಯಂತೆ ದನಿ ಎಳೆಯುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಅಲ್ಲೇ ಸತ್ತುಹೋಗುತ್ತದೆ. ಹಾಗೆ ಸತ್ತ ಒಂದನ್ನು ಪಕ್ಕಕ್ಕೆ ಎಸೆದರು. ನಾನು ಎತ್ತಿ ಬಿಸಿಲಿಗೆ ಹಿಡಿದು ಎಷ್ಟು ತಿರುಗಿಸಿದರೂ ಬಿರುಕು ಕಾಣಲಿಲ್ಲ. ಅವರು ಅದರ ಮೇಲೆ ತುಸು ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉದುರಿಸಿದರು. ಸ್ವಲ್ಪ ಹೊತ್ತಿಗೆ ನಡುತೂತಿನ ಅಂಚಿನಿಂದ ಒಂದು ತೆಳ್ಳನೆಯ ಕಪ್ಪು ಗೆರೆ ಮೂಡಿತು.

ಗಾಡಿ ಇಳಿಸುವುದೆಂದರೆ ಅವರ ಪಾಲಿಗೆ ಏರಿಸುವ ವಿದ್ಯೆಯನ್ನೇ ಬೋರಲು ಹಾಕುವುದು. ಅಡಿಗಲ್ಲಿನ ತಗ್ಗಿನ ಮೇಲೆ ಪಟ್ಟಿಯನ್ನು ಅಡ್ಡ ಇಟ್ಟು, ಒಬ್ಬರು ತುದಿ ಹಿಡಿದು ಬೆರಳಗಲ ಬೆರಳಗಲ ಸರಿಸಬೇಕು, ಇನ್ನೊಬ್ಬರು ಪ್ರತಿ ಜಾಗಕ್ಕೂ ಒಂದೇ ತೂಕದ ಏಟು ಕೊಡಬೇಕು. ಒಳಮೈಗೆ ಬಿದ್ದರೆ ಕಮಾನು ಏರುತ್ತದೆ, ಹೊರಮೈಗೆ ಬಿದ್ದರೆ ಇಳಿಯುತ್ತದೆ. ಬೆಂಕಿಯ ಮಾತೇ ಇಲ್ಲ. ಸ್ಪ್ರಿಂಗಿನ ಉಕ್ಕನ್ನು ಕಾರ್ಖಾನೆಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾದ ಶಾಖ ಕೊಟ್ಟು ತಯಾರಿಸಿರುತ್ತಾರೆ. ಅದಕ್ಕೆ ಗ್ಯಾಸಿನ ಜ್ವಾಲೆ ಹಿಡಿದರೆ ಹದ ಹೋಗುತ್ತದೆ. ಮೊದಲ ಪಟ್ಟಿ ಸರಿಯಾದ ಮೇಲೆ ಉಸ್ತಾದರು ಅದನ್ನು ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ, ಅದರ ಬಾಗನ್ನು ಸೀಮೆಸುಣ್ಣದಲ್ಲಿ ಬರೆದುಕೊಂಡರು. ಇನ್ನೊಂದು ಬದಿಯ ಪಟ್ಟಿ ಆ ಗೆರೆಗೆ ಕೂರುವ ತನಕ ಬಡಿಯುವುದು, ಮಲಗಿಸುವುದು, ಮತ್ತೆ ಬಡಿಯುವುದು. ಒಂದು ಗೆರೆಯಷ್ಟು ವ್ಯತ್ಯಾಸ ಉಳಿದರೂ ಗಾಡಿ ಒಂದು ಕಡೆ ಎಳೆಯುತ್ತದೆ.

ಆಮೇಲೆ ಪಟ್ಟಿಗಳ ನಡುವೆ ಗ್ರಾಫೈಟ್ ಗ್ರೀಸು, ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್. ಬುಶ್‌ಗಳ ಬೋಲ್ಟನ್ನು ಕೊನೆಯ ಬಿಗಿ ಹಾಕುವುದು ಮಾತ್ರ ಗಾಡಿಯನ್ನು ಜಾಕಿಯಿಂದ ಇಳಿಸಿ, ಭಾರ ಚಕ್ರದ ಮೇಲೆ ಕೂತ ನಂತರ. ಜಾಕಿಯ ಮೇಲಿದ್ದಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಈ ಚಿಕ್ಕ ಸಂಗತಿಗೆ ಅವರು ಕೊಡುವ ಮಹತ್ವವನ್ನು ನಾನು ದೊಡ್ಡ ಸರ್ವೀಸ್ ಸೆಂಟರುಗಳಲ್ಲೂ ಎಲ್ಲ ಸಲ ಕಂಡಿಲ್ಲ.

ಪಟ್ಟಿಗೂ ಆ್ಯಕ್ಸಲ್‌ಗೂ ನಡುವೆ ಕಬ್ಬಿಣದ ಗಟ್ಟಿ ಇಡುವ ಇನ್ನೊಂದು ದಾರಿಯೂ ಇದೆ. ಪಟ್ಟಿ ಆ್ಯಕ್ಸಲ್‌ನ ಕೆಳಗಿದ್ದರೆ ಗಟ್ಟಿ ಇಟ್ಟಷ್ಟೂ ಗಾಡಿ ಇಳಿಯುತ್ತದೆ. ಮೇಲಿದ್ದರೆ ಅದೇ ಗಟ್ಟಿ ಗಾಡಿಯನ್ನು ಏರಿಸುತ್ತದೆ. ಎರಡರಲ್ಲಿ ಯಾವುದನ್ನು ಮಾಡಿದರೂ ಬೇಡವೆನಿಸಿದ ದಿನ ಬಿಚ್ಚಿ ಮೊದಲಿನಂತೆ ಮಾಡಬಹುದು. ಕಡಿಮೆ ಖರ್ಚಿನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ ಎಂಬುದು ನನ್ನ ಅನಿಸಿಕೆ.

ತೊಡಕು ಇರುವುದು ಸುರುಳಿ ಸ್ಪ್ರಿಂಗಿನಲ್ಲಿ. 1983ರ ಕೊನೆಗೆ ಬಂದ ಮೊದಲ ಮಾರುತಿ 800ಕ್ಕೆ ಹಿಂದೆ ಪಟ್ಟಿಯೇ ಇತ್ತು. 1986ರ ಹೊಸ ಮಾದರಿಯಲ್ಲಿ ಸುರುಳಿ ಬಂತು. ಆಮೇಲಿನ ಸಣ್ಣ ಕಾರುಗಳಲ್ಲಿ ಬಹುಪಾಲು ಸುರುಳಿಯವೇ. ಪಟ್ಟಿಯನ್ನು ಕಡೆಯವರೆಗೆ ಉಳಿಸಿಕೊಂಡದ್ದು ಓಮ್ನಿ, ಅದರ ತಯಾರಿಕೆಯೂ 2019ಕ್ಕೆ ನಿಂತಿತು. ಸುರುಳಿಯ ಕಾರು ತಂದ ಹುಡುಗರ ಬಾಯಲ್ಲಿ ಒಂದೇ ಮಾತು, "ಒಂದೆರಡು ಸುತ್ತು ಕಟ್ ಮಾಡಿ ಕೊಡ್ರಿ ಉಸ್ತಾದ್."

"ಕಟ್ ಮಾಡಾಕ ಐದು ನಿಮಿಷ ತಮ್ಮಾ," ಅನ್ನುತ್ತಾರೆ ಇವರು. "ಕಟ್ ಆಗಿದ್ದನ್ನ ಕೂಡಿಸಾಕ ಯಾರಿಗೂ ಬರಂಗಿಲ್ಲ. ಕುಂದ್ರು, ಚಾ ಕುಡಿ, ಹೇಳ್ತೀನಿ."

ಆರು ಸುತ್ತು ದುಡಿಯುವ ಸ್ಪ್ರಿಂಗಿನಲ್ಲಿ ಒಂದು ಸುತ್ತು ತೆಗೆದರೆ ಉಳಿದ ಐದು ಮೊದಲಿಗಿಂತ ಶೇ 20ರಷ್ಟು ಬಿರುಸಾಗುತ್ತವೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ, ಹಳೆಯ ಮೆದುವಿಗೆ ಹೊಂದಿಸಿದ್ದು. ಅದಕ್ಕೆ ಈಗ ಓಡಾಡಲು ಜಾಗವೂ ಕಡಿಮೆ. ಸಣ್ಣ ಗುಂಡಿಗೂ ತಳ ಮುಟ್ಟಿ ರಬ್ಬರಿಗೆ ಬಡಿಯುತ್ತದೆ. ಮುಂದಿನ ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ, ಅಲೈನ್‌ಮೆಂಟ್ ಕೆಡುತ್ತದೆ, ಟೈರಿನ ಒಳ ಅಂಚು ಸವೆಯುತ್ತದೆ. ಎಲ್ಲಕ್ಕಿಂತ ಅಪಾಯದ್ದು ಬೇರೆಯೇ ಇದೆ. ಗಾಡಿ ತಗ್ಗಿಗೆ ಹಾರಿ ಚಕ್ರ ಜೋತುಬಿದ್ದಾಗ, ಗಿಡ್ಡವಾದ ಸ್ಪ್ರಿಂಗು ತನ್ನ ಕೂರುವ ಜಾಗ ಬಿಟ್ಟು ಸರಿದುಬಿಡಬಹುದು. ಗ್ಯಾಸು ಹಿಡಿದು ಸುರುಳಿಯನ್ನು ಕುಸಿಸಿ ಕೊಡುವವರೂ ಕೆಲವರಿದ್ದಾರೆ. ಆ ಕೆಲಸದ ಹೆಸರೆತ್ತಿದರೆ ಉಸ್ತಾದರ ಮುಖ ಗಂಟಿಕ್ಕುತ್ತದೆ. ಹಾಗೆ ಹದ ಕಳೆದುಕೊಂಡ ಸ್ಪ್ರಿಂಗು ಎಡಕ್ಕೊಂದು ಬಲಕ್ಕೊಂದು ಎತ್ತರಕ್ಕೆ ಕುಸಿಯುತ್ತಾ ಹೋಗಿ ಒಂದು ದಿನ ಮುರಿಯುತ್ತದೆ.

ಇಷ್ಟು ಕೇಳಿದ ಮೇಲೂ ಪಟ್ಟು ಬಿಡದ ಹುಡುಗನಿಗೆ ಅವರು ಹೇಳುವ ದಾರಿ ಬೇರೆ. ನಿನ್ನ ಸ್ಪ್ರಿಂಗು ಮುಟ್ಟಬೇಡ, ಬಿಚ್ಚಿ ಮನೆಯಲ್ಲಿಡು. ಗುಜರಿಯಲ್ಲಿ ಅದೇ ಮಾದರಿಯ ಒಂದು ಜೋಡಿ ತಾ. ತುದಿ ಒಳಕ್ಕೆ ಸುತ್ತಿದ ನಮೂನೆಯಾಗಿದ್ದರೆ ಆಸೆ ಬಿಡು, ಕತ್ತರಿಸಿದರೆ ಅದು ಕೂರುವುದಿಲ್ಲ. ನೆಟ್ಟಗಿನ ತುದಿಯದಾಗಿದ್ದರೆ ಬ್ಲೇಡಿನಿಂದ, ನೀರು ಹಾಕುತ್ತಾ, ಅರ್ಧ ಸುತ್ತು ಮಾತ್ರ. ಎರಡೂ ಬದಿ ಅಳೆದು. ಅಲೈನ್‌ಮೆಂಟಿಗೂ ದುಡ್ಡು ಮೊದಲೇ ಎತ್ತಿಡು. ಅದಾದ ಮೇಲೆ ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆ ಎಂದು ಗೋಡೆಗೆ ನಿಲ್ಲಿಸಿ ನೋಡು.

ರಸ್ತೆಯ ಲೆಕ್ಕವನ್ನೂ ಹಾಕಬೇಕು. ಆಲ್ಟೊ 800ರ ಹೊಟ್ಟೆ ನೆಲದಿಂದ 160 ಮಿಲಿಮೀಟರು ಮೇಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ರಸ್ತೆಯುಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ ಇರಬೇಕು. ಐದು ಸೆಂಟಿಮೀಟರು ಇಳಿಸಿದ ಆಲ್ಟೊದಲ್ಲಿ ಉಳಿಯುವುದು ಹನ್ನೊಂದು. ಮದುವೆಗೆಂದು ಐದು ಜನ ಕೂತರೆ ಅದೂ ಇಲ್ಲ. ಹಳ್ಳಿಯವರೇ ಕಾಂಕ್ರೀಟು ಸುರಿದು ಕಟ್ಟಿದ ಗೂನಿನಂಥ ಉಬ್ಬುಗಳಿಗೆ ಯಾವ ನಿಯಮವೂ ಇಲ್ಲ, ಮೊದಲು ಒಡೆಯುವುದು ಆಯಿಲ್ ಚೇಂಬರು. ಕಾನೂನಿನ ಬಿಗಿಯೂ ಇದೆ. ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಪಘಾತವಾದರೆ ವಿಮೆಯವರಿಗೆ ತಕರಾರು ತೆಗೆಯಲು ದಾರಿ ಸಿಕ್ಕಂತಾಗುತ್ತದೆ. ಇದನ್ನು ಹುಡುಗರಿಗೆ ಹೇಳದೆ ಉಸ್ತಾದರು ಪಾನಾ ಕೈಗೆತ್ತಿಕೊಳ್ಳುವುದಿಲ್ಲ.

ಈ ಕಸುಬು ಇಲ್ಲಿಗೆ ಹೇಗೆ ಬಂತೆಂದು ಕೇಳಿದಾಗ ಅವರು ತಂದೆಯ ಕಾಲಕ್ಕೆ ಹೋದರು. ತಂದೆ ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುತ್ತಿದ್ದವರು. ಕುಳ್ಳಿನ ಬೆಂಕಿಯಲ್ಲಿ ಹಳಿ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ನೀರು ಸುರಿದು ಕುಗ್ಗಿಸಿ ಬಿಗಿಯುವ ಕೆಲಸ. ದೇವಸುಗೂರಿನ ಬಳಿ ಕೃಷ್ಣೆಗೆ ನಿಜಾಮರ ಕಾಲದಲ್ಲಿ ಸೇತುವೆಯಾಗಿ, ಲಾರಿಗಳ ಓಡಾಟ ಹೆಚ್ಚುತ್ತಾ ಹೋದಂತೆ ಬಂಡಿಯ ಕೆಲಸ ಕಮ್ಮಿಯಾಗಿ ಲಾರಿಯ ಪಟ್ಟಿಗಳು ಬಂದವಂತೆ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯವೇ ಆಗಿದ್ದವು. ರಾಜ್ಯದ ಗಡಿ ಸರಿದರೂ ಭತ್ತ ರಾಯಚೂರಿನ ಗಿರಣಿಗಳಿಗೆ ಹೋಗುವುದು ನಿಲ್ಲಲಿಲ್ಲ, ಲಾರಿ ಕುಸಿಯುವುದೂ ನಿಲ್ಲಲಿಲ್ಲ. ಮುರಿದ ಪಟ್ಟಿಯೂ ಇಲ್ಲಿ ವ್ಯರ್ಥವಾಗುವುದಿಲ್ಲ. ಕಮ್ಮಾರರು ಒಯ್ದು ಕುಡುಗೋಲು, ಕೊಡಲಿ ಮಾಡುತ್ತಾರೆ. ಆ ಉಕ್ಕಿನ ಅಲಗು ಬೇಗ ಮೊಂಡಾಗುವುದಿಲ್ಲ.

ನಾರಾಯಣಪೇಟೆಯ ಸೀರೆಗೂ ಗದ್ವಾಲದ ಸೀರೆಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ನೇಕಾರರ ಕೈಗೆ ಸಂದ ಆ ಗೌರವ ಸರಿಯಾದದ್ದೇ. ಏಟಿನ ತೂಕದಲ್ಲಿ ಉಕ್ಕನ್ನು ಬಾಗಿಸುವ ಈ ಕೈಗಳಿಗೆ ಒಂದು ಸರ್ಟಿಫಿಕೇಟಾದರೂ ಇರಬೇಕಿತ್ತು. ಹತ್ತಿರದ ಯಾವುದಾದರೂ ಐಟಿಐ ಇಂಥ ಉಸ್ತಾದರನ್ನು ವಾರಕ್ಕೊಂದು ದಿನ ಕರೆಸಿ ಮಕ್ಕಳೆದುರು ಪಟ್ಟಿ ಬಡಿಸಿದರೆ ಸಾಕು. ಸ್ಪ್ರಿಂಗು ಕತ್ತರಿಸುವ ಮೊದಲು ಯೋಚಿಸುವ ಮೆಕ್ಯಾನಿಕ್ಕುಗಳು ಕೆಲವರಾದರೂ ತಯಾರಾಗುತ್ತಾರೆ.

ಉಸ್ತಾದರ ಮಗ ಹೈದರಾಬಾದಿನ ಸರ್ವೀಸ್ ಸೆಂಟರಿನಲ್ಲಿ ಕಂಪ್ಯೂಟರ್ ಹಚ್ಚಿ ಗಾಡಿಯ ದೋಷ ಓದುತ್ತಾನೆ. ಅವನ ಮೇಲೆ ಇವರಿಗೆ ಸಿಟ್ಟಿಲ್ಲ, ಹೆಮ್ಮೆಯಿದೆ. "ಹುಡುಗ ನೆರಳಾಗ ಕೆಲಸ ಮಾಡ್ತಾನ್ರಿ," ಎಂದರು. ಆದರೆ ಪಟ್ಟಿಯ ಕೆಲಸಕ್ಕೆ ಎರಡು ಜನ ಬೇಕೇ ಬೇಕು. ಬಡಿಯುವವರು ಇದ್ದಾರೆ, ತುದಿ ಹಿಡಿಯುವವರಿಲ್ಲ. ಈಗ ಗಾಡಿ ತಂದ ಹುಡುಗನ ಕೈಗೇ ಹಳೆಯ ಗೋಣಿಪಟ್ಟಿ ಸುತ್ತಿ ತುದಿ ಕೊಡುತ್ತಾರೆ. ಎಷ್ಟು ಸರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಪ್ರತಿ ಗಿರಾಕಿಗೂ ಮೊದಲಿನಿಂದ ಹೇಳಿಕೊಡುತ್ತಾರೆ. ಕೈಗೆ ಅಭ್ಯಾಸ ಕೂರುವಷ್ಟರಲ್ಲಿ ಅವನ ಗಾಡಿ ತಯಾರಾಗಿರುತ್ತದೆ, ಅವನು ಹೊರಡುತ್ತಾನೆ.