ಚೌಕುಳಿ ಚಿತ್ರಗಳಲ್ಲಿ ಬಣ್ಣದ ಆಯ್ಕೆ ಮತ್ತು ನೆರಳು

ಗಣಕಯಂತ್ರದ ಆಟಗಳಲ್ಲಿ ಓಡಾಡುವ ಪುಟ್ಟ ಬೊಂಬೆಗಳನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಇವಕ್ಕೆ ಸ್ಪ್ರೈಟ್ ಎಂದು ಹೆಸರು. ಪಿಕ್ಸೆಲ್ ಎಂಬ ಸಣ್ಣ ಚೌಕುಳಿಗಳಿಗೆ ಒಂದೊಂದಾಗಿ ಬಣ್ಣ ತುಂಬಿ ಇವನ್ನು ರಚಿಸುತ್ತಾರೆ. ಆಟದ ಮಾತೆಂದು ಇದನ್ನು ನಾವು ಕಡೆಗಣಿಸಲಾಗದು. ಬೆಳಕು ನೆರಳುಗಳ ಪಾಠವನ್ನು ಇಷ್ಟು ಅಗ್ಗವಾಗಿ ಕಲಿಸುವ ಸಾಧನ ಸುಲಭವಾಗಿ ದೊರೆಯದು.

ಮೊದಲು ಮಿತಿಯನ್ನು ಅರಿಯಬೇಕು. 1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಹೊರತಂದ ಫ್ಯಾಮಿಲಿ ಕಂಪ್ಯೂಟರಿನಲ್ಲಿ 8 × 8 ಚೌಕುಳಿಯ ಒಂದು ಸ್ಪ್ರೈಟಿಗೆ ಮೂರೇ ಬಣ್ಣ. ಉಳಿದ ಚೌಕುಳಿಗಳು ಹಿನ್ನೆಲೆಯನ್ನು ತೋರುವ ಪಾರದರ್ಶಕ ಸ್ಥಾನಗಳು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ನಾಯಕನನ್ನು ನೋಡಿರಿ. ಟೊಪ್ಪಿಗೆಗೂ ಮೇಲುಡುಪಿಗೂ ಕೆಂಪು. ಕೂದಲು, ಮೀಸೆ, ಅಂಗಿಗಳಿಗೆ ಕಂದು. ಮುಖಕ್ಕೂ ಕೈಗಳಿಗೂ ಚರ್ಮದ ಬಣ್ಣ. ಅಲ್ಲಿಗೆ ಬಣ್ಣ ಮುಗಿಯಿತು. ನೆರಳಿಗೆ ಎಡೆಯೇ ಇಲ್ಲ. 1981ರ ‘ಡಾಂಕಿ ಕಾಂಗ್’ ಆಟಕ್ಕೆ ಈ ಬೊಂಬೆಯನ್ನು ಮೊದಲು ರೂಪಿಸಿದ ಶಿಗೆರು ಮಿಯಾಮೊಟೊ ಅವರು, ಮೂಗು ಎದ್ದು ಕಾಣಲೆಂದು ಮೀಸೆಯನ್ನೂ ಕೂದಲು ಬಿಡಿಸುವ ತೊಡಕು ತಪ್ಪಲೆಂದು ಟೊಪ್ಪಿಗೆಯನ್ನೂ ಇಟ್ಟರು. ಒಂದು ಅಂಗವನ್ನು ಮತ್ತೊಂದರಿಂದ ಬೇರ್ಪಡಿಸಿ ತೋರುವುದೇ ಇಲ್ಲಿ ಬಣ್ಣದ ಮೊದಲ ಕಾರ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬಣ್ಣಗಳು ಹೆಚ್ಚಿದ್ದಲ್ಲಿ ನೆರಳಿನ ವಿಚಾರ ಬರುತ್ತದೆ. ಒಂದು ವಸ್ತುವಿಗೆ ಮೈಬಣ್ಣ, ನೆರಳು, ಹೊಳಪು ಎಂಬ ಮೂರು ಮೆಟ್ಟಿಲು ಸಾಕು. ಮೈಬಣ್ಣಕ್ಕೆ ಕಪ್ಪು ಬೆರೆಸಿದರೆ ನೆರಳಾಯಿತೆಂದು ಹೊಸಬರು ಭಾವಿಸುವುದುಂಟು. ಹಾಗೆ ಮಾಡಿದರೆ ಚಿತ್ರ ಕೊಳೆಯಾಗಿ ತೋರುತ್ತದೆ. ಬಯಲಿನಲ್ಲಿ ಬಿಸಿಲು ಹಳದಿಯತ್ತ ವಾಲಿದ್ದು, ನೆರಳಿನ ಜಾಗಕ್ಕೆ ನೀಲಿ ಆಕಾಶದ ಬೆಳಕೇ ಹೆಚ್ಚಾಗಿ ಬೀಳುತ್ತದೆ. ಆದುದರಿಂದ ಹಸಿರೆಲೆಯ ಹೊಳಪನ್ನು ಹಳದಿಯ ಕಡೆಗೂ ನೆರಳನ್ನು ನೀಲಿಯ ಕಡೆಗೂ ಸರಿಸಿದರೆ ಎಲೆಗೆ ಜೀವ ಬರುತ್ತದೆ.

ಬೆಳಕು ಯಾವ ದಿಕ್ಕಿನಿಂದ ಬರುವುದೆಂಬುದನ್ನು ಮೊದಲೇ ನಿಶ್ಚಯಿಸತಕ್ಕದ್ದು. ಸುತ್ತಲೂ ಅಂಚನ್ನು ಕಪ್ಪಾಗಿಸಿ ನಡುವನ್ನು ಬೆಳ್ಳಗಾಗಿಸಿದರೆ ಎಲ್ಲ ವಸ್ತುಗಳೂ ಉಬ್ಬಿದ ದಿಂಬುಗಳಂತೆ ಕಾಣುತ್ತವೆ. ಎರಡು ಬಣ್ಣಗಳನ್ನು ಚದುರಂಗದ ಹಾಸಿನಂತೆ ಒಂದುಬಿಟ್ಟು ಒಂದು ತುಂಬಿ ನಡುವಣ ಛಾಯೆಯನ್ನು ಪಡೆಯಬಹುದು; ಆದರೆ ಚಲಿಸುವ ಸಣ್ಣ ಬೊಂಬೆಯಲ್ಲಿ ಅದು ಮಿನುಗಿ ಕಣ್ಣನ್ನು ಕಾಡುತ್ತದೆ.

ಇದನ್ನು ಕಲಿಸಲು ಯಂತ್ರವೇ ಬೇಕೆಂದಿಲ್ಲ. ಚೌಕುಳಿ ಕಾಗದದಲ್ಲಿ 16 × 16, ಅಂದರೆ 256 ಮನೆಗಳನ್ನು ಗುರುತಿಸಿ, ಮೂರು ಬಣ್ಣದ ಕಡ್ಡಿಗಳಿಂದ ಒಂದು ಮಡಕೆಯನ್ನು ಬಿಡಿಸಲು ಹೇಳಬೇಕು: ಮೈಗೆ ಇಟ್ಟಿಗೆಗೆಂಪು, ಬೆಳಕು ಬೀಳುವ ಎಡಮೇಲ್ಬದಿಗೆ ಕಿತ್ತಳೆ, ಬಲಕೆಳಬದಿಗೆ ನೇರಳೆಗಪ್ಪು. ಬಳಿಕ ಹತ್ತು ಹೆಜ್ಜೆ ದೂರದಿಂದ ನೋಡಿಸಬೇಕು. ಮಡಕೆಯ ದುಂಡು ಅಲ್ಲಿಂದಲೂ ತಿಳಿದರೆ ಆಯ್ಕೆ ಸರಿ. ನೂಲೆಣಿಸಿ ಕಸೂತಿ ಹಾಕುವ ಮನೆಗಳ ಮಕ್ಕಳಿಗೆ ಈ ಎಣಿಕೆ ಹೊಸದಲ್ಲ, ನೆರಳೊಂದೇ ಹೊಸದು.

ಹೊಸ ವಿದ್ಯೆಯೆಲ್ಲ ಪರಭಾಷೆಯಲ್ಲಿಯೇ ಬರತಕ್ಕದ್ದೆಂಬ ಭಾವನೆ ಗಡಿನಾಡಿನ ಮಕ್ಕಳಲ್ಲಿ ಬೇಗ ಬೇರೂರುತ್ತದೆ. ಮೈಬಣ್ಣ, ನೆರಳು, ಹೊಳಪು, ಅಂಚು: ಈ ಪಾಠಕ್ಕೆ ಬೇಕಾದ ಮಾತುಗಳು ನಮ್ಮ ಮನೆಯಲ್ಲಿಯೇ ಇವೆ. ಅವನ್ನು ತರಗತಿಯಲ್ಲಿ ಬಳಕೆಗೆ ತರುವುದು ಶಿಕ್ಷಕರಾದ ನಮ್ಮ ಹೊಣೆ.